ಬದ್ಲು ಕೇಳದ ಮೇಷ್ಟ್ರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಕಾರಣ ಬೇಕು. ಅವರ ಮೇಲೆ ಹೊಟ್ಟೆಕಿಚ್ಚು ಪಡಲು ನನಗೆ, ಲೋಕ ನೋಡುವ ರೀತಿಯಲ್ಲಿ ನೋಡಿದರೆ, ಒಂದು ಕಾರಣವೂ ಇರಲಿಲ್ಲ. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಕನ್ನಡ ವಿಭಾಗದ ಮುಖ್ಯಸ್ಥ, ಕಾಯಂ ನೌಕರ. ಅವರು ಅದೇ ವಿಭಾಗದ ಅತಿಥಿ ಉಪನ್ಯಾಸಕರು. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು, ಅದಕ್ಕೆ ನಾನು ಸಹಿ ಮಾಡಬೇಕು, ಆಮೇಲೆ ಅವರು ಪಾಠ ಮಾಡಬೇಕು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರು. ಓದಿನಲ್ಲಿ ಎಷ್ಟು ದೊಡ್ಡವರು ಎಂದು ಹೇಳುವ ಮನಸ್ಸು ಆಗ ನನಗಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು, "ಸಾರ್, ನೀವು ಬರೀಲೇಬೇಕು. ನಿಮ್ಮಷ್ಟು ಹತ್ರದಿಂದ ಅವರನ್ನ ನೋಡಿದೋರು ಬೇರೆ ಯಾರಿದಾರೆ?" ಎಂದರು. ಎರಡು ಪುಟ ಬರೆದುಕೊಟ್ಟೆ. ಸರಳ ವ್ಯಕ್ತಿ, ಸ್ವಾಭಿಮಾನಿ, ವಿದ್ಯಾರ್ಥಿಗಳ ಕಣ್ಮಣಿ ಎಂದೆಲ್ಲ ಅದರಲ್ಲಿದೆ. ಸುಳ್ಳೇನಲ್ಲ. ಆದರೆ ಅದರಲ್ಲಿ ನಾನಿಲ್ಲ. ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಏಕೆಂದರೆ ಇದರಲ್ಲಿ ಅವರ ಮನೆಯ ಅಡುಗೆ ಒಲೆಯ ವಿಷಯ ಬರುತ್ತದೆ.

ದಿಬ್ಬೂರಹಳ್ಳಿಯಿಂದ ಒಳಗೆ ಹೋದರೆ ಅವರ ಊರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಮನೆಮಾತು ತೆಲುಗು, ಎಂ.ಎ. ಕನ್ನಡದಲ್ಲಿ. ವಿದ್ಯಾರ್ಥಿ ಏನೇ ಹೇಳಲಿ, ತಪ್ಪಾಗಿಯೇ ಹೇಳಲಿ, ತಲೆಯನ್ನು ಸ್ವಲ್ಪ ವಾಲಿಸಿ "ಅವುನಾ?" ಎನ್ನುತ್ತಿದ್ದರು. ಹೌದಾ ಎಂದು ಅರ್ಥ. ಆ ಒಂದು ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಆಶ್ಚರ್ಯವಿರುತ್ತಿತ್ತು. ಹುಡುಗರು ಅವರನ್ನು ಅಣಕಿಸುತ್ತ ಅಣಕಿಸುತ್ತ ಆ ಮಾತಿಗೇ ಮನಸೋತುಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನ್ನ ಒಂದು ಮಾತನ್ನೂ ಯಾರೂ ಅಣಕಿಸಿದ್ದು ನನಗೆ ನೆನಪಿಲ್ಲ.

ಅವರ ಅಂಗಿ ಯಾವಾಗಲೂ ಬಿಳಿ, ಇಸ್ತ್ರಿ ಗರಿಗರಿ. ಹತ್ತಿರ ಕೂತರೆ ಮಾತ್ರ ಗೊತ್ತಾಗುತ್ತಿತ್ತು: ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಮತ್ತೆ ಹೊಲಿಸಿದ್ದರು. ಅತಿಥಿ ಉಪನ್ಯಾಸಕರ ಸಂಬಳ ಆಗ ತಿಂಗಳು ತಿಂಗಳು ಬರುತ್ತಿರಲಿಲ್ಲ. ನಾಲ್ಕು ತಿಂಗಳಿಗೋ ಐದು ತಿಂಗಳಿಗೋ ಒಮ್ಮೆ ಬಂದರೆ ಬಂತು. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಆದರೂ ಅವರು ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ನಮ್ಮ ಕಡೆ ಕೈಸಾಲಕ್ಕೂ, ಪಕ್ಕದ ಮನೆಯಿಂದ ತರುವ ಒಂದು ಲೋಟ ಸಕ್ಕರೆಗೂ ಒಂದೇ ಹೆಸರು, ಬದ್ಲು. ಆ ಮಾತು ಅವರ ಬಾಯಲ್ಲಿ ಬಂದದ್ದನ್ನು ಮೊದಲ ಆರು ವರ್ಷ ನಾನು ಕೇಳಲಿಲ್ಲ.

ಸ್ಟಾಫ್ ರೂಮಿನಲ್ಲಿ ಟೀಗೆ ಪಾಳಿ ಇತ್ತು. ದಿನಕ್ಕೊಬ್ಬರು ಎಲ್ಲರಿಗೂ ಕೊಡಿಸುವುದು. ಅವರು ಆ ಪಾಳಿಗೆ ಸೇರಲಿಲ್ಲ. ಫ್ಲಾಸ್ಕು ಬರುವ ಹೊತ್ತಿಗೆ ಸರಿಯಾಗಿ ಎದ್ದು ಲೈಬ್ರರಿಗೆ ಹೋಗಿಬಿಡುತ್ತಿದ್ದರು. ಪೆನ್ನು ಬರೆಯದೆ ಒದ್ದಾಡುವಾಗ ನನ್ನದನ್ನು ಚಾಚಿದರೆ, "ಬೇಡ ಸಾರ್, ಇದೆ" ಎಂದು ಬ್ಯಾಗೆಲ್ಲ ಹುಡುಕಿ ಇನ್ನೊಂದು ತೆಗೆಯುವವರು. ಒಂದು ಸಲ ಜೋರು ಮಳೆ. ನನ್ನ ಬಳಿ ಎರಡು ಛತ್ರಿ ಇತ್ತು. "ತಗೊಳ್ಳಿ ಮೇಷ್ಟ್ರೇ, ನಾಳೆ ಕೊಡೋರಂತೆ" ಎಂದೆ. "ನೆನೆಯೋದು ಒಳ್ಳೇದು ಸಾರ್" ಎಂದು ನಕ್ಕು ಗೇಟು ದಾಟಿದರು. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಎರಡು ಛತ್ರಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಕೊಡಲು ಇದ್ದವನು ನಾನು, ಸಣ್ಣವನಾದವನೂ ನಾನೇ.

ಇಷ್ಟೇ ಆಗಿದ್ದರೆ ಅದನ್ನು ಸಿಟ್ಟು ಎನ್ನಬಹುದಿತ್ತು. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಕಾದಂಬರಿಯಿಂದ.

ಹಳೆಯ ಕಾದಂಬರಿ, ಹೆಸರು ಬೇಡ. ಪದವಿ ತರಗತಿಗೆ ಪಠ್ಯವಾಗಿತ್ತು. ಒಂದು ಕಾಲಕ್ಕೆ ಊರಿಗೇ ದೊಡ್ಡವನಾಗಿದ್ದು, ಈಗ ಒಂದು ಹೊತ್ತಿನ ಊಟಕ್ಕೂ ಗತಿಯಿಲ್ಲದ ಮನೆಯ ಯಜಮಾನನ ಕಥೆ. ಯಾರ ಮುಂದೆಯೂ ಕೈಯೊಡ್ಡುವುದಿಲ್ಲ. ನೆರೆಮನೆಯವನು ಮರುಕಪಟ್ಟು ಕಳಿಸಿದ ಅಕ್ಕಿಯನ್ನು ಹಾಗೆಯೇ ಹಿಂದಕ್ಕೆ ಕಳಿಸುವ ಒಂದು ದೃಶ್ಯವಿದೆ. ಹನ್ನೊಂದು ವರ್ಷ ಅದನ್ನು ಪಾಠ ಮಾಡಿದ್ದೆ. 'ಬಡತನ ಮತ್ತು ಸ್ವಾಭಿಮಾನ' ಎಂದು ಹತ್ತು ಅಂಕದ ಪ್ರಶ್ನೆಗೆ ನಾನು ಬರೆಸಿದ ನೋಟ್ಸು ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು. ಅಕ್ಕಿಯ ದೃಶ್ಯ ಬಂದಾಗ ನನ್ನ ದನಿ ತಾನಾಗಿಯೇ ಏರುತ್ತಿತ್ತು.

ಒಂದು ವರ್ಷ ಆ ಪಠ್ಯ ಅವರ ಪಾಲಿಗೆ ಹೋಯಿತು. ಒಂದು ದಿನ ಪಕ್ಕದ ಕೊಠಡಿಯಿಂದ ಬರುತ್ತ ಅವರ ತರಗತಿಯ ಕಿಟಕಿಯ ಹತ್ತಿರ ನಿಂತೆ. ನೋಡಲು ಅಲ್ಲ, ತಪ್ಪು ಹುಡುಕಲು.

"ಅಪ್ಪ ಕೈಯೊಡ್ಡಲ್ಲ. ಸರಿ," ಎನ್ನುತ್ತಿದ್ದರು. "ಆದರೆ ಅಕ್ಕಿ ವಾಪಸ್ ಹೋದ ಮಾರನೇ ದಿನ ಮಕ್ಕಳು ಊಟ ಮಾಡ್ತಾರಲ್ಲ. ಆ ಅನ್ನ ಎಲ್ಲಿಂದ ಬಂತು?"

ಹುಡುಗರು ಪುಟ ಮಗುಚತೊಡಗಿದರು.

"ಅರ್ಧ ಪುಟ ಇದೆ, ಹುಡುಕಿ. ಆ ಮನೆಯಾಕೆ ಸೆರಗಿನ ಮರೆಯಲ್ಲಿ ಸೇರು ಇಟ್ಕೊಂಡು ನೆರೆಮನೆ ಹಿತ್ತಿಲಿಗೆ ಹೋಗ್ತಾಳೆ. ಮುಂಬಾಗಿಲಲ್ಲಿ ಗಂಡನ ಸ್ವಾಭಿಮಾನ, ಹಿತ್ತಿಲ ಬಾಗಿಲಲ್ಲಿ ಹೆಂಡತಿ ಸೇರು. ಆ ಸೇರು ಇಲ್ದಿದ್ರೆ ಈ ಸ್ವಾಭಿಮಾನ ಎಷ್ಟು ದಿನ ನಿಲ್ತಿತ್ತು?"

ಒಬ್ಬಳು ಹುಡುಗಿ ಎದ್ದು ಏನೋ ಹೇಳಿದಳು. "ಅವುನಾ?" ಎಂದರು ಅವರು, ತಲೆ ವಾಲಿಸಿ. ಆ ಹುಡುಗಿ ನನ್ನ ಮಗಳು.

ಮನೆಗೆ ಹೋಗಿ ಪುಸ್ತಕ ತೆಗೆದೆ. ಆ ಅರ್ಧ ಪುಟ ಇತ್ತು. ಹನ್ನೊಂದು ವರ್ಷ ನಾನು ಅದರ ಮೇಲೆ ಕಣ್ಣಾಡಿಸಿ ಪುಟ ಮಗುಚಿದ್ದೆ. ಅಂಚಿನಲ್ಲಿ ಪೆನ್ಸಿಲಿನಿಂದ 'ಬಿಡಬಹುದು' ಎಂದು ನಾನೇ ಬರೆದುಕೊಂಡಿದ್ದೆ.

ಅಂದಿನಿಂದ ಊಟಕ್ಕೆ ಕೂತರೆ ಮಗಳ ಬಾಯಲ್ಲಿ ಅವರೇ. "ನಮ್ ಸಾರ್ ಇವತ್ತು ಹಿಂಗಂದ್ರು ಅಪ್ಪ." ಅದೇ ಕಾಲೇಜಿನಲ್ಲಿ ನಾನೂ ಅವಳಿಗೆ ಹಳಗನ್ನಡ ಪಾಠ ಮಾಡುತ್ತಿದ್ದೆ. ನನ್ನ ತರಗತಿಯ ಒಂದು ಮಾತನ್ನೂ ಅವಳು ತಟ್ಟೆಯ ಮುಂದೆ ತಂದವಳಲ್ಲ. "ನಾನೂ ನಿಮ್ ಸಾರೇ ಕಣಮ್ಮ" ಎಂದು ಒಂದು ದಿನ ತಮಾಷೆಯಂತೆ ಹೇಳಿದೆ. "ನೀವು ಅಪ್ಪ" ಎಂದು ನಕ್ಕಳು. ಹೆಂಡತಿಯೂ ನಕ್ಕಳು. ನಾನು ಅರ್ಧಕ್ಕೇ ಎದ್ದು ಕೈ ತೊಳೆದೆ.

ಅವರ ಬಾಡಿಗೆ ಮನೆ ನಮ್ಮ ಹಿಂದಿನ ಬೀದಿಯಲ್ಲಿತ್ತು. ಎರಡು ಮನೆಗಳದೂ ಬೆನ್ನಿಗೆ ಬೆನ್ನು. ನಡುವೆ ಆಳೆತ್ತರದ ಒಂದು ಗೋಡೆ. ಒಂದು ಭಾನುವಾರ ಮಧ್ಯಾಹ್ನ ಮಲಗಿ ಎದ್ದು, ಮುಖ ಒರೆಸುವ ಟವಲು ತರಲು ಹಿತ್ತಿಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತ ನನ್ನ ಹೆಂಡತಿ ಗೋಡೆಯಾಚೆಗೆ ಒಂದು ಸ್ಟೀಲ್ ಡಬ್ಬ ದಾಟಿಸುತ್ತಿದ್ದಳು. ಆಚೆಯಿಂದ ಬಂದ ಎರಡು ಕೈ ಅದನ್ನು ತೆಗೆದುಕೊಂಡವು. "ಇದೊಂದ್ ಸಲ ಅಕ್ಕಾ" ಎಂದು ಕೇಳಿಸಿತು. ಅವರ ಹೆಂಡತಿಯ ದನಿ.

ಹೆಂಡತಿ ಕಲ್ಲಿನಿಂದ ಇಳಿದು ನನ್ನನ್ನು ನೋಡಿದಳು.

"ಏನದು?"

"ರಾಗಿ ಹಿಟ್ಟು. ನಾಲ್ಕ್ ವರ್ಷದಿಂದ ನಡೀತಿದೆ. ಸಂಬಳ ಬಂದಾಗ ಆಯಮ್ಮ ತಪ್ಪದೆ ತಂದುಕೊಡ್ತಾರೆ. ಬರದಿದ್ದಾಗ ನನ್ ಸೀರೆಗೆ ಕುಚ್ಚು ಕಟ್ಟಿಕೊಡ್ತಾರೆ. ನೀವು ಎಷ್ಟು ಚೆನ್ನಾಗಿದೆ ಅಂತೀರಲ್ಲ, ಅದೆಲ್ಲ ಯಾರು ಕಟ್ಟಿದ್ದು ಅಂದ್ಕೊಂಡಿದ್ರಿ?"

"ಅವರಿಗೆ ಗೊತ್ತಾ?"

"ಗೊತ್ತಾಗಬಾರ್ದು ಅಂತಲೇ ಗೋಡೆ ಮೇಲಿಂದ ಕೊಡೋದು. ಗೊತ್ತಾದ್ರೆ ಆಯಪ್ಪ ಊಟ ಬಿಡ್ತಾರೆ. ಯಾರ್ ಹತ್ರಾನೂ ಆಡಬೇಡಿ. ನನ್ನಾಣೆ."

"ನಾನ್ಯಾಕೆ ಹೇಳಲಿ?" ಎಂದೆ.

ಆ ಕ್ಷಣ ನನಗಾದದ್ದನ್ನು ಬರೆಯಲು ಈಗಲೂ ನಾಚಿಕೆ. ನನಗೆ ಸಂತೋಷವಾಯಿತು. ಆರು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಯಾವುದರಿಂದಲೂ ಆಗಿರಲಿಲ್ಲ. ಛತ್ರಿ ಬೇಡವೆಂದ ಮನುಷ್ಯ ನಾಲ್ಕು ವರ್ಷದಿಂದ ನನ್ನ ಮನೆಯ ಹಿಟ್ಟಿನ ಮುದ್ದೆ ತಿನ್ನುತ್ತಿದ್ದಾನೆ ಎಂದುಕೊಂಡೆ. ಮನಸ್ಸಿನಲ್ಲಿ ಅವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಎರಡು ತಿಂಗಳು ಆ ಮಾತನ್ನು ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡಿದ್ದೆ. ಆಮೇಲೆ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಕಾಲೇಜುಗಳಿಂದಲೂ ಮೇಷ್ಟ್ರುಗಳು, ವಿದ್ಯಾರ್ಥಿಗಳು ಬಂದಿದ್ದರು. ಆ ಕಾದಂಬರಿಯ ಮೇಲೆ ಮಾತನಾಡಬೇಕಾದವನು ನಾನು. ಆದರೆ ವಿದ್ಯಾರ್ಥಿಗಳೇ ಹೋಗಿ ಪ್ರಿನ್ಸಿಪಾಲರನ್ನು ಕೇಳಿ ಅವರ ಹೆಸರು ಹಾಕಿಸಿದ್ದರು. ಕೇಳಿದವರಲ್ಲಿ ನನ್ನ ಮಗಳೂ ಇದ್ದಳೆಂದು ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ತಿಳಿಯಿತು. ನನಗೆ ಸ್ವಾಗತ ಭಾಷಣ.

ಅವರು ಮುಕ್ಕಾಲು ಗಂಟೆ ಮಾತಾಡಿದರು. ಚೀಟಿ ನೋಡಲಿಲ್ಲ. ಎಡಗೈ ಬೆನ್ನ ಹಿಂದೆ ಕಟ್ಟಿ, ಮೆಲ್ಲಗೆ, ತೆಲುಗಿನ ರಾಗ ತುಸು ಬೆರೆತ ಕನ್ನಡದಲ್ಲಿ ಮಾತಾಡಿದರು. ಹಿತ್ತಿಲಿಗೆ ಹೋದ ಆ ಹೆಂಗಸಿನ ಬಗ್ಗೆ ಹೇಳುವಾಗ ಗೌರಿಬಿದನೂರಿನಿಂದ ಬಂದಿದ್ದ ಹಿರಿಯ ಮೇಡಂ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಎದ್ದು ಮೈಕು ಈಸಿಕೊಂಡೆ.

"ಹಿತ್ತಿಲ ಬಾಗಿಲ ವಿಷಯ ತುಂಬಾ ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ. ಆದ್ರೆ ಆ ಅಪ್ಪನ್ನ ಬಯ್ಯೋಕೆ ಮುಂಚೆ ನಮ್ಮ ನಮ್ಮ ಮನೆ ಹಿತ್ತಿಲ ಬಾಗಿಲನ್ನ ಒಂದ್ಸಲ ನೋಡ್ಕೋಬೇಕಲ್ವಾ? ನಿಮ್ಮನೆ ಹಿತ್ತಿಲ ಗೋಡೆ ಮೇಲೆ ಏನೇನು ಓಡಾಡುತ್ತೆ ಅಂತ ನನಗೆ ಗೊತ್ತು, ನಿಮಗೆ ಗೊತ್ತಿದೆಯೋ ಇಲ್ವೋ."

ಸಭೆ ನಕ್ಕಿತು. ಸಹೋದ್ಯೋಗಿಗಳ ಚೇಷ್ಟೆ ಎಂದುಕೊಂಡರು. ನಾನೂ ನಕ್ಕೆ. ಅವರು ನಗಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ, ನಾವಿಬ್ಬರೇ ಇರುವ ಕೋಣೆಯಲ್ಲಿ ಕೇಳುವ ಹಾಗೆ, "ಯಾವತ್ತಿಂದ ಸಾರ್?" ಎಂದರು.

ನಗು ಅಲ್ಲಲ್ಲೇ ನಿಂತಿತು. ನಾನು ಮೈಕನ್ನು ಪಕ್ಕದವರ ಕೈಗೆ ಕೊಟ್ಟೆ. ಅವರು ವಿದ್ಯಾರ್ಥಿಗಳ ಕಡೆ ತಿರುಗಿದರು.

"ಎರಡು ವರ್ಷದಿಂದ ಈ ಪುಸ್ತಕ ಪಾಠ ಮಾಡ್ತಿದ್ದೀನಿ. ಆ ಅಪ್ಪನ್ನ ಬಯ್ಕೊಂಡೇ ಬಂದಿದ್ದೀನಿ. ಅವನು ನಾನೇ ಅಂತ ಇವತ್ತು ಗೊತ್ತಾಯ್ತು. ಪುಸ್ತಕ ನನಗೆ ಅರ್ಥ ಆಗಿರಲಿಲ್ಲ. ಸಾರ್ ಅರ್ಥ ಮಾಡಿಸಿದ್ರು." ನನಗೆ ಕೈಮುಗಿದರು. ಕೈ ಕೆಳಗಿಳಿಸಿ, ವೇದಿಕೆಯಿಂದ ಇಳಿದು, ತಮ್ಮ ಕುರ್ಚಿಯಲ್ಲಿ ಕೂತುಕೊಂಡರು.

ಅವರಿಗೆ ಅವಮಾನವಾಗಬೇಕಿತ್ತು. ನಾನು ಅದಕ್ಕೇ ಕೇಳಿದ್ದು. ಆದರೆ ಸಭೆ ಮುಗಿದ ಮೇಲೆ ಜನ ಮುತ್ತಿದ್ದು ಅವರನ್ನೇ. ನನ್ನ ಹತ್ತಿರ ಯಾರೂ ಬರಲಿಲ್ಲ. ಮಗಳು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಒಂದು ಸಲ ನನ್ನತ್ತ ನೋಡಿ, ಬ್ಯಾಗು ಎತ್ತಿಕೊಂಡು ಹೋಗಿಬಿಟ್ಟಳು.

ಮನೆಯಲ್ಲಿ ಹೆಂಡತಿ ಜಗಳವಾಡಲಿಲ್ಲ. "ನನ್ನಾಣೆ ಅಂದಿದ್ದೆ" ಎಂದಳು, ಅಷ್ಟೆ. ಮಗಳು ಮಾತೇ ಬಿಟ್ಟಳು.

ಮಾರನೆಯ ದಿನ ಶನಿವಾರ. ಬೆಳಿಗ್ಗೆ ಏಳೂವರೆ, ಬೀದಿ ನಲ್ಲಿಯಲ್ಲಿ ನೀರು ಬಂದಿತ್ತು, ಕೊಡ ಹಿಡಿದು ಅಕ್ಕಪಕ್ಕದವರೆಲ್ಲ ಹೊರಗಿದ್ದರು. ಗೇಟು ಸದ್ದಾಯಿತು. ಅವರು ನಿಂತಿದ್ದರು. ಅದೇ ಬಿಳಿ ಅಂಗಿ. ಕೈಯಲ್ಲಿ ಸ್ಟೀಲ್ ಡಬ್ಬ. ಜಗಳಕ್ಕೆ ಬಂದರು ಎಂದುಕೊಂಡೆ. ಬಂದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಸಾರ್," ಎಂದರು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ಒಂದು ಪಾವು ತೊಗರಿಬೇಳೆ ಬದ್ಲು ಬೇಕಾಗಿತ್ತು. ಸಂಬಳ ಬಂದ ಮೇಲೆ ಕೊಡ್ತೀನಿ."

ನಲ್ಲಿಯ ಹತ್ತಿರ ಇದ್ದವರು ಇತ್ತ ತಿರುಗಿದರು. ನಾನು ಡಬ್ಬ ತೆಗೆದುಕೊಂಡು ಒಳಗೆ ಹೋದೆ. ಹೆಂಡತಿ ಬೇಳೆ ತುಂಬಿದಳು. ತಾನು ಬರಲಿಲ್ಲ. "ನೀವೇ ಹೋಗಿ ಕೊಡಿ" ಎಂದಳು.

ಡಬ್ಬ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಹಣೆಯ ಮೇಲೆ, ಅಷ್ಟು ತಣ್ಣನೆಯ ಬೆಳಗಿನಲ್ಲೂ, ಬೆವರಿತ್ತು.

"ಕಷ್ಟ ಸಾರ್," ಎಂದರು. "ನಮ್ಮನೆಯಿಂದ ನಿಮ್ಮ ಗೇಟಿಗೆ ಬರೋಕೆ ಮೂರು ಸಲ ವಾಪಸ್ ಹೋದೆ. ಅವಳು ನಾಲ್ಕು ವರ್ಷ ಹೆಂಗೆ ಕೇಳಿದ್ಲೋ!"

"ಮೇಷ್ಟ್ರೇ, ನೆನ್ನೆ ನಾನು..." ಎಂದೆ.

"ಬಿಡಿ ಸಾರ್. ಇನ್ಮೇಲೆ ಅವಳು ಬರಲ್ಲ, ನಾನು ಬರ್ತೀನಿ. ಬರಬಹುದಲ್ಲ?"

ಬನ್ನಿ ಎಂದೆ. ಬೇರೆ ಏನು ಹೇಳಲಿ?

ಆಮೇಲೆ ಅವರು ಬಂದರು. ತಿಂಗಳಿಗೊಮ್ಮೆಯೋ ಎರಡು ಸಲವೋ, ಯಾವಾಗಲೂ ಮುಂಬಾಗಿಲಿಗೇ. ಮೊದಮೊದಲು ಬೆವರುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಒಳಗೆ ಬಂದು ಕೂತು ಕಾಫಿ ಕುಡಿಯುತ್ತಿದ್ದರು. ಟೀ ಪಾಳಿಗೆ ಸೇರಿದರು. ಕೈಯಲ್ಲಿ ಇಲ್ಲದ ದಿನ "ಈ ಸಲ ನಂದು ಬದ್ಲು" ಎಂದು ನಗುತ್ತಿದ್ದರು. ಸ್ಟಾಫ್ ರೂಮೇ ಅವರನ್ನು ಮೊದಲ ಸಲ ಕಂಡ ಹಾಗೆ ಹಚ್ಚಿಕೊಂಡಿತು. ನಾನು ಮುರಿಯಲು ಹೋದದ್ದು ಅವರ ಬಿಗುಮಾನವನ್ನು. ಅದು ಮುರಿದು ಒಳಗಿನಿಂದ ಇನ್ನೂ ಒಳ್ಳೆಯ ಮನುಷ್ಯ ಹೊರಗೆ ಬಂದರೆ ನಾನೇನು ಮಾಡಲಿ? ಆ ಕಾದಂಬರಿ ಪಾಠ ಮಾಡುವಾಗ ಪ್ರತಿ ವರ್ಷ ತಮ್ಮ ಕಥೆಯನ್ನೇ ಹೇಳುತ್ತಿದ್ದರಂತೆ. ನನ್ನ ಹೆಸರು ಹೇಳುತ್ತಿರಲಿಲ್ಲವಂತೆ, 'ನನ್ನ ಸ್ನೇಹಿತರೊಬ್ಬರು ತೋರಿಸಿಕೊಟ್ಟರು' ಎನ್ನುತ್ತಿದ್ದರಂತೆ. ಆ ಪದ ಕೇಳಿದಾಗಲೆಲ್ಲ ನನಗೆ ಬೆನ್ನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಗುತ್ತಿತ್ತು.

ಮಾತು ಬಿಟ್ಟಿದ್ದ ಮಗಳು ಸಂಕಿರಣವಾದ ಒಂಬತ್ತನೆಯ ದಿನ ತಾನಾಗಿ ಬಂದು, "ಅಪ್ಪ, ಸಾರು ಹಾಕ್ಲಾ?" ಎಂದಳು. ನಾನು ತಲೆ ಎತ್ತದೆ ತಟ್ಟೆ ಚಾಚಿದೆ. ಎಷ್ಟಾದರೂ ನನ್ನ ಮಗಳು, ಕರುಳು ಎಳೆಯಿತು ಎಂದುಕೊಂಡೆ. ಆ ಒಂದು ವಿಷಯದಲ್ಲಿ ನಾನು ಗೆದ್ದೆ ಎಂದು ನಂಬಿಕೊಂಡಿದ್ದೆ.

ಹುದ್ದೆಗೆ ಕಾಯಂ ಉಪನ್ಯಾಸಕರು ಬಂದ ವರ್ಷ ಅವರ ಅರ್ಜಿಗೆ ಜಾಗವಿರಲಿಲ್ಲ. ಹದಿನಾಲ್ಕು ವರ್ಷ ಪಾಠ ಮಾಡಿದವರಿಗೆ ಒಂದು ಬೀಳ್ಕೊಡುಗೆಯೂ ಆಗಲಿಲ್ಲ. ಅತಿಥಿಗಳಿಗೆ ಬೀಳ್ಕೊಡುಗೆ ಇಲ್ಲವಂತೆ. ಊರಿಗೆ ಹೋಗಿ ತಮ್ಮಂದಿರ ಜೊತೆ ಹಿಪ್ಪುನೇರಳೆ ತೋಟ ನೋಡಿಕೊಂಡರು. ಎರಡು ವರ್ಷದ ಮೇಲೆ, ಹೋದ ತಿಂಗಳು, ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದವರು ತೋಟದಲ್ಲೇ ಕುಸಿದರಂತೆ.

ಹನ್ನೊಂದನೆಯ ದಿನಕ್ಕೆ ನಾನೂ ಮಗಳೂ ಹೋಗಿದ್ದೆವು. ಅವಳು ಈಗ ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಗಂಡ ಕುಡುಮಲಕುಂಟೆಯ ಕಾರ್ಖಾನೆಯಲ್ಲಿದ್ದಾನೆ. ನೂರಾರು ವಿದ್ಯಾರ್ಥಿಗಳು ಬಂದಿದ್ದರು. ಮಗಳು ಅವರ ಹೆಂಡತಿಯನ್ನು ತಬ್ಬಿಕೊಂಡು ಅತ್ತ ರೀತಿ ನೋಡಿ, ನನ್ನ ಕಾಲಕ್ಕೆ ಇವಳು ಹೀಗೆ ಅಳುತ್ತಾಳೆಯೇ ಎಂದು ಯೋಚಿಸುತ್ತ ನಿಂತಿದ್ದೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಅಂದು ತಿಳಿಯಿತು.

ವಾಪಸು ಬರುವಾಗ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಇಳಿದೆವು. ಅವಳು ಚಿಕ್ಕಬಳ್ಳಾಪುರದ ಕಡೆ ಹೋಗಬೇಕು, ನಾನು ಚಿಂತಾಮಣಿಯ ಕಡೆ. ಕಲ್ಲು ಬೆಂಚಿನ ಮೇಲೆ ಕೂತಿದ್ದಾಗ ಅವಳೇ ಮಾತು ತೆಗೆದಳು.

"ಅಪ್ಪ, ಆ ಸೆಮಿನಾರ್ ಆದ್ಮೇಲೆ ನಾನು ನಿಮ್ಮ ಹತ್ರ ಮಾತು ಬಿಟ್ಟಿದ್ದೆ, ಜ್ಞಾಪಕ ಇದೆಯಾ?"

"ಇದೆ. ನೀನೇ ಬಂದು ಮಾತಾಡಿಸಿದೆ."

"ನಾನಾಗಿ ಬರಲಿಲ್ಲಪ್ಪ. ಸಾರ್ ಲೈಬ್ರರಿ ಹತ್ರ ನನ್ನ ನಿಲ್ಲಿಸಿ ಮಾತಾಡಿದ್ರು. 'ನಿಮ್ಮಪ್ಪನ ಹತ್ರ ಮಾತು ಬಿಟ್ಟಿದ್ದೀಯಂತೆ. ನಾನು ಇತ್ತೀಚೆಗೆ ಕೇಳೋದು ಕಲ್ತಿದ್ದೀನಮ್ಮ. ನಿನ್ನ ಹತ್ರ ಒಂದು ಕೇಳ್ತೀನಿ, ಇಲ್ಲ ಅನ್ಬೇಡ. ಇವತ್ತು ಮನೆಗೆ ಹೋಗಿ ಅವರನ್ನ ಮಾತಾಡಿಸು' ಅಂದ್ರು. ಅವರು ಕೇಳಿದ್ರು ಅಂತ ಮಾತಾಡಿದೆ. ಇಲ್ದಿದ್ರೆ..."

ಚಿಕ್ಕಬಳ್ಳಾಪುರದ ಬಸ್ಸು ಬಂತು. "ಬರ್ತೀನಿ ಅಪ್ಪ, ಹುಷಾರಾಗಿ ಹೋಗಿ" ಎಂದು ನನ್ನ ಕೈ ಒಂದು ಸಲ ಹಿಡಿದು ಬಿಟ್ಟು ಹತ್ತಿಕೊಂಡಳು.

ನನಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ. ಆ ಹಳೆಯ ಉರಿಯೇ ಹೊಸದಾಗಿ ಹತ್ತಿಕೊಂಡಿತು. ನನ್ನ ಮಗಳ ಮಾತನ್ನೂ ನನಗೆ ಇವರೇ ಕೇಳಿ ಕೊಡಿಸಿದರೇ ಎಂದು. ಚಿಂತಾಮಣಿಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಕಂಡಕ್ಟರು, "ಬರ್ತೀರಾ ಸ್ವಾಮಿ?" ಎಂದು ಕೇಳಿದ. ಕಣ್ಣು ಒರೆಸಿಕೊಳ್ಳುವುದು ಇನ್ನೂ ಮುಗಿದಿರಲಿಲ್ಲ. ಮುಂದಿನ ಬಸ್ಸಿಗೆ ಬರುತ್ತೇನೆ ಎಂದು ಕೈಯಲ್ಲೇ ಸನ್ನೆ ಮಾಡಿದೆ.